ಗೆರೆಗೆ ಬಂದ ಜೀವ

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂಬದಿಗೆ ಒಂದು ಕತ್ತಲ ಕೋಣೆಯಿದೆ. ಅದರ ಕಿರಿದಾದ ಕಿಂಡಿಯಿಂದ ಒಳನುಗ್ಗುವ ಬೆಳಕು, ಒಂಬತ್ತು ಅಂತಸ್ತಿನ ಮಹಾಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಜನರು ಇದನ್ನು ಗೋಪುರದ ನೆರಳು ಎನ್ನುವರು. ನಿಜವಾಗಿ ಇದು ನೆರಳಲ್ಲ. ಬೆಳಕು ತಾನೇ ಬರೆದ ಚಿತ್ರ. ಕ್ಯಾಮೆರಾ ಎಂಬ ಪೆಟ್ಟಿಗೆ ಮಾಡುವ ಕೆಲಸವೂ ಇದೇ. ಹೀಗೆ ಮೂಡಿದ ಚಿತ್ರವನ್ನು ಅಳಿಯದಂತೆ ಹಿಡಿದಿಡುವ ಉಪಾಯ ದೊರೆತ ಮೇಲೆ ಛಾಯಾಚಿತ್ರವೂ, ಅದರಿಂದ ಚಲನಚಿತ್ರವೂ ಹುಟ್ಟಿದವು.

ಅಲ್ಲಿಂದ ಕೊಂಚ ದೂರದಲ್ಲಿ, ಅರಸರ ಅರಮನೆಗಳಿದ್ದ ಬಯಲಿನಲ್ಲಿ, ಹಜಾರರಾಮ ದೇವಾಲಯವಿದೆ. ಅದರ ಗೋಡೆಯ ಮೇಲೆ ರಾಮಾಯಣದ ಕಥೆ ಮೂರು ಸಾಲುಗಳಲ್ಲಿ ಉಬ್ಬುಶಿಲ್ಪವಾಗಿ ಸಾಗಿದೆ. ಏಳು ಮರಗಳನ್ನು ರಾಮನು ಒಂದೇ ಬಾಣದಿಂದ ಭೇದಿಸಿದ ಕಿಷ್ಕಿಂಧೆಯ ಪ್ರಸಂಗವೂ ಅಲ್ಲುಂಟು. ಚಿತ್ರಗಳು ನಿಂತಲ್ಲಿಯೇ ನಿಂತಿವೆ. ಪ್ರದಕ್ಷಿಣೆ ಬರುವವನು ನಡೆದಂತೆ ಕಥೆ ನಡೆಯುತ್ತದೆ. ನೋಡುವವನ ಕಾಲುಗಳೇ ಇಲ್ಲಿ ಯಂತ್ರ. ಈ ಚಿತ್ರಗಳನ್ನು ಬರೆದುದು ಬೆಳಕಲ್ಲ, ಮನುಷ್ಯನ ಕೈ. ಅವನ್ನು ಕಡೆದ ಶಿಲ್ಪಿಗಳಲ್ಲಿ ರಾಮನನ್ನು ಕಣ್ಣಾರೆ ಕಂಡವನು ಒಬ್ಬನೂ ಇರಲಿಲ್ಲ. ಎದುರಿಗಿರುವುದನ್ನು ಬೆಳಕು ಕ್ಷಣದಲ್ಲಿ ಬರೆದೀತು. ಎದುರಿಗಿಲ್ಲದುದನ್ನು ಕಾಣಿಸಬೇಕಾದರೆ ಕೈಯೇ ಬೇಕು.

ಕೈ ಬರೆದ ಚಿತ್ರವನ್ನು ಚಲಿಸುವಂತೆ ಮಾಡುವ ಕಲೆಯೂ ತುಂಗಭದ್ರೆಯ ಈ ಸೀಮೆಗೆ ಹೊಸದಲ್ಲ. ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಹಳ್ಳಿಗಳಲ್ಲಿ ಶಿಳ್ಳೇಕ್ಯಾತರು ತಲೆಮಾರುಗಳಿಂದ ತೊಗಲುಗೊಂಬೆಯಾಟವನ್ನು ಆಡಿಸುತ್ತ ಬಂದಿದ್ದಾರೆ. ಚರ್ಮವನ್ನು ಹದಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿ, ಅದರಲ್ಲಿ ಆಕೃತಿಗಳನ್ನು ಕತ್ತರಿಸಿ ಬಣ್ಣ ತುಂಬುತ್ತಾರೆ. ಬಿಳಿಯ ಪರದೆಯ ಹಿಂದೆ ದೀಪವಿಟ್ಟು ಗೊಂಬೆಗಳನ್ನು ಆಡಿಸಿದಾಗ, ಮುಂದೆ ಕುಳಿತವರಿಗೆ ಬಣ್ಣದ ನೆರಳುಗಳು ಓಡಾಡುವುದು ಕಾಣುತ್ತದೆ. ಅರಸರ ಮತ್ತು ದೇವತೆಗಳ ಗೊಂಬೆಗಳು ದೊಡ್ಡವು. ಅವುಗಳ ಚಲನೆ ಅಲ್ಪ. ಹಾಸ್ಯಕ್ಕೆ ಬರುವ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಚಿಕ್ಕವರಾದರೂ ಪರದೆಯ ಮೇಲೆ ಕ್ಷಣಹೊತ್ತು ಸುಮ್ಮನಿರಲಾರರು. ಈ ವ್ಯತ್ಯಾಸವನ್ನು ನೆನಪಿಡಬೇಕು; ಕಡಲಾಚೆಯ ಕಲಾವಿದರಿಗೂ ಮುಂದೆ ಇದೇ ವ್ಯತ್ಯಾಸ ಎದುರಾಯಿತು.

ತೆರೆಯ ಮೇಲೆ ಕೈಚಿತ್ರಗಳಿಂದಲೇ ಪೂರ್ಣಪ್ರಮಾಣದ ಕಥೆಯನ್ನು ನಡೆಯಿಸುವ ಸಾಹಸಕ್ಕೆ ಈಗ ನೂರು ವರ್ಷಗಳು ಮೀರಿವೆ. 1917ರಲ್ಲಿ ಅರ್ಜೆಂಟೀನಾ ದೇಶದ ಕ್ವಿರಿನೋ ಕ್ರಿಸ್ತಿಯಾನಿ ಎಂಬಾತ ಅಂಥದೊಂದು ಚಿತ್ರವನ್ನು ತಯಾರಿಸಿದನು. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಉಳಿದಿರುವವುಗಳಲ್ಲಿ ಅತ್ಯಂತ ಹಳೆಯದು 1926ರಲ್ಲಿ ಜರ್ಮನಿಯ ಲಾಟೆ ರೈನಿಗರ್ ಎಂಬ ಮಹಿಳೆ ಪೂರೈಸಿದ, ರಾಜಕುಮಾರ ಅಹಮದನ ಸಾಹಸಗಳ ಚಿತ್ರ. ಆಕೆ ಲೇಖನಿಯಿಂದ ಬರೆಯಲಿಲ್ಲ, ಕತ್ತರಿಯಿಂದ ಬರೆದಳು. ಕಪ್ಪು ಕಾಗದದಲ್ಲಿ ಕತ್ತರಿಸಿದ ಕೈಕಾಲುಗಳನ್ನು ತಂತಿಯಿಂದ ಕೀಲಿಸಿ, ಕೆಳಗಿನಿಂದ ಬೆಳಗಿದ ಗಾಜಿನ ಮೇಲೆ ಹರಡಿ, ಕೂದಲೆಳೆಯಷ್ಟು ಸರಿಸಿ ಒಂದೊಂದೇ ಚಿತ್ರ ಹಿಡಿಯುತ್ತ ಮೂರು ವರ್ಷ ದುಡಿದಳು. ಮೋರನಾಳದ ಗೊಂಬೆಯವರು ಆಕೆಯ ಮೇಜನ್ನು ಕಂಡಿದ್ದರೆ ಅದರ ಗುಟ್ಟು ಅವರಿಗೆ ಕೂಡಲೇ ತಿಳಿಯುತ್ತಿತ್ತು.

ಅಮೆರಿಕದಲ್ಲಿ ಬೆಳೆದ ಕ್ರಮ ಬೇರೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚಿತ್ರಗಳು ಸರಿದುಹೋಗುತ್ತವೆ. ಅವುಗಳ ನಡುವಣ ವ್ಯತ್ಯಾಸ ಅತ್ಯಲ್ಪವಾಗಿರುವುದರಿಂದ ಕಣ್ಣು ಅವನ್ನು ಬಿಡಿಸಿ ನೋಡಲಾರದು. ಎಲ್ಲವನ್ನೂ ಹೆಣೆದು ಒಂದೇ ಚಲನೆಯೆಂದು ಗ್ರಹಿಸುತ್ತದೆ. ಹಿರಿಯ ಕಲಾವಿದನು ಚಲನೆಯ ಮುಖ್ಯ ಭಂಗಿಗಳನ್ನು ಬರೆಯುವನು. ನಡುವಣ ಭಂಗಿಗಳನ್ನು ಕಿರಿಯರು ತುಂಬುವರು. ಅನಂತರ ಅವನ್ನು ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಮಸಿಯಿಂದ ತಿದ್ದಿ, ಹಿಂಬದಿಗೆ ಬಣ್ಣ ಬಳಿದು, ಬೇರೆಯಾಗಿ ಬರೆದ ಹಿನ್ನೆಲೆಯ ಚಿತ್ರದ ಮೇಲೆ ಇಟ್ಟು ಕ್ಯಾಮೆರಾಕ್ಕೆ ಒಪ್ಪಿಸುತ್ತಿದ್ದರು. ವಾಲ್ಟ್ ಡಿಸ್ನಿಯ ‘ಸ್ನೋವೈಟ್’ ಚಿತ್ರ 1937ರ ಡಿಸೆಂಬರಿನಲ್ಲಿ ತೆರೆಗೆ ಬಂದಿತು. ಅದರ ಅವಧಿ 83 ನಿಮಿಷ. ಲೆಕ್ಕ ಹಾಕಿದರೆ ತೆರೆಯ ಮೇಲೆ ಸುಮಾರು 1,19,500 ಚಿತ್ರಗಳು ಹಾದುಹೋದಂತಾಯಿತು. ಮಸಿ ತಿದ್ದಿ ಬಣ್ಣ ತುಂಬಿದವರಲ್ಲಿ ಬಹುಮಟ್ಟಿಗೆ ಎಲ್ಲರೂ ಹೆಂಗಸರು. ಚಿತ್ರದ ಮೊದಲಲ್ಲಿ ತೋರಿಸುವ ಹೆಸರುಗಳಲ್ಲಿ ಅವರ ಹೆಸರುಗಳಿಲ್ಲ. ಹಜಾರರಾಮನ ಗೋಡೆಯನ್ನು ಕಡೆದ ಶಿಲ್ಪಿಗಳಿಗೂ ಈ ಹೆಂಗಸರಿಗೂ ಈ ಮಟ್ಟಿಗೆ ಒಂದು ಬಾಂಧವ್ಯವುಂಟು.

ಇಂಥ ಚಿತ್ರಗಳ ಆಕರ್ಷಣೆ ಎಲ್ಲಿದೆ? ಬಣ್ಣಗಳಲ್ಲಿ, ಸಂಗೀತದಲ್ಲಿ, ಕಥೆಯಲ್ಲಿ ಎಂದು ಹೇಳಿಬಿಡಬಹುದು. ಆದರೆ ಅವೆಲ್ಲ ಬೇರೆ ಚಿತ್ರಗಳಲ್ಲಿಯೂ ಇವೆ. ಸ್ನೋವೈಟಳ ಕಥೆಯಲ್ಲಿ ಏಳುಮಂದಿ ಕುಳ್ಳರು ಬರುತ್ತಾರೆ. ಅವರಲ್ಲೊಬ್ಬ ಮುಂಗೋಪಿ, ಇನ್ನೊಬ್ಬ ಚಿತ್ರದುದ್ದಕ್ಕೂ ಒಂದು ಮಾತೂ ಆಡದ ಪೆದ್ದ. ಏಳು ಜನರ ನಡಿಗೆ ಏಳು ಬಗೆ. ಮುಖ ತೋರದಿದ್ದರೂ ನಡಿಗೆಯಿಂದಲೇ ಇಂಥವನೆಂದು ಹೇಳಬಹುದು. ಬರಿಯ ಗೆರೆಗಳಿಗೆ ಸ್ವಭಾವವೊಂದು ಬಂದುದು ಅಲ್ಲಿ. ಆದರೆ ಅದೇ ಚಿತ್ರದ ರಾಜಕುಮಾರನನ್ನು ನೋಡಿದರೆ ಮರದ ಬೊಂಬೆಯ ನೆನಪಾಗುತ್ತದೆ. ಅವನನ್ನು ಸರಿಯಾಗಿ ಚಲಿಸುವಂತೆ ಮಾಡುವುದು ಕಷ್ಟವೆಂದು ಕಲಾವಿದರು ಅವನ ಪಾತ್ರವನ್ನೇ ಮೊಟಕುಮಾಡಿದರು. ಸ್ನೋವೈಟಳಿಗಾಗಿ ಒಬ್ಬ ನರ್ತಕಿಯನ್ನು ಕುಣಿಸಿ, ಆ ಚಲನಚಿತ್ರವನ್ನು ನೋಡಿಕೊಂಡು ಬರೆದರು. ಹಾಗಿದ್ದೂ ಕುಳ್ಳರ ಜೀವಕಳೆ ಅವಳಿಗೆ ಪೂರ್ತಿ ಬರಲಿಲ್ಲ.

ಇದಕ್ಕೆ ಕಾರಣ ದೂರದಲ್ಲಿಲ್ಲ. ಮನುಷ್ಯರ ಮುಖವನ್ನೂ ನಡೆಯನ್ನೂ ಎಲ್ಲರೂ ಹುಟ್ಟಿದಂದಿನಿಂದ ನೋಡುತ್ತಿರುವರು. ಎಳ್ಳಷ್ಟು ತಪ್ಪಿದರೂ ಕಣ್ಣು ಅದನ್ನು ಹಿಡಿಯುತ್ತದೆ. ಕಥೆಯ ಕುಳ್ಳರ ನಡಿಗೆಯನ್ನು ಕಂಡವರಾರು? ಅಲ್ಲಿ ಕೈಗೆ ಪೂರ್ಣ ಸ್ವಾತಂತ್ರ್ಯವಿದೆ. ಬೆಳಕು ಬರೆಯಲಾರದುದನ್ನು ಬರೆಯುವಲ್ಲಿ ಕೈ ಗೆದ್ದಿತು. ಬೆಳಕಿನೊಡನೆ ಪೈಪೋಟಿಗೆ ಇಳಿದಲ್ಲಿ ಸೋತಿತು. 1939ರಲ್ಲಿ ಫ್ಲೈಷರ್ ಸಹೋದರರು ತಂದ ‘ಗಲಿವರನ ಪ್ರವಾಸಗಳು’ ಇದಕ್ಕೊಂದು ವಿಚಿತ್ರ ನಿದರ್ಶನ. ನಿಜವಾದ ನಟನೊಬ್ಬನ ಚಲನಚಿತ್ರದ ಮೇಲೆ ಗೆರೆ ತಿದ್ದಿ ಗಲಿವರನನ್ನು ಬರೆದರು. ಅಂಗೈಯಗಲದ ಪುಟ್ಟ ಜನರನ್ನೋ ಮನಸ್ಸಿಗೆ ಬಂದಂತೆ ಬರೆದರು. ಇಬ್ಬರೂ ಒಂದೇ ಲೋಕದವರೆನಿಸುವುದಿಲ್ಲ. ಗಲಿವರನು ಆ ನಾಡಿಗೆ ಪರದೇಶಿಯಾದುದರಿಂದ ಹೊಂದದಿರುವುದೇ ಕಥೆಗೆ ಹೊಂದಿತು ಎನ್ನಬೇಕು!

ಇನ್ನೊಂದು ಕೊರತೆಯನ್ನು ಮಕ್ಕಳೇ ಬೇಗ ಗುರುತಿಸುವರು. ಹಿನ್ನೆಲೆಯನ್ನು ನೆರಳುಬೆಳಕುಗಳೊಡನೆ ಸೂಕ್ಷ್ಮವಾಗಿ ಬರೆದಿರುತ್ತಾರೆ. ಚಲಿಸುವ ವಸ್ತುವಿಗಾದರೋ ಸಾವಿರಾರು ಹಾಳೆಗಳಲ್ಲಿ ಬಳಿಯಬೇಕಾದುದರಿಂದ ಒಂದೇ ಮಟ್ಟಸದ ಬಣ್ಣ. ಹೀಗಾಗಿ ಬೆಟ್ಟದ ನೂರು ಬಂಡೆಗಳಲ್ಲಿ ಯಾವ ಬಂಡೆ ಉರುಳಲಿದೆ ಎಂಬುದು ಉರುಳುವ ಮೊದಲೇ ತಿಳಿದುಹೋಗುತ್ತದೆ. ದುಡಿಮೆಯನ್ನು ಉಳಿಸಲು ಅದೇ ಓಟವನ್ನು, ಅದೇ ಕುಣಿತವನ್ನು ಮತ್ತೆ ಮತ್ತೆ ಬಳಸಿಕೊಂಡುದೂ ಉಂಟು. ಸ್ನೋವೈಟ್ ಚಿತ್ರದ ಕುಣಿತದ ಭಂಗಿಗಳು 1973ರ ‘ರಾಬಿನ್ ಹುಡ್’ ಚಿತ್ರದಲ್ಲಿ ನರಿಯ ವೇಷ ತೊಟ್ಟು ಮರಳಿ ಬಂದವು.

ಭಾರತದಲ್ಲಿ ಈ ಕಲೆ ಬೇರೂರಿದುದು ನಿಧಾನವಾಗಿ. ಸರಕಾರದ ಫಿಲ್ಮ್ಸ್ ಡಿವಿಷನ್ 1957ರಲ್ಲಿ ಜಾತಕಕಥೆಯೊಂದನ್ನು ಆಧರಿಸಿ ಆಲದ ವನದ ಜಿಂಕೆಯ ಕಿರುಚಿತ್ರವನ್ನು ಹೊರತಂದಿತು. ಅಲ್ಲಿ ಪಳಗಿದವರಲ್ಲಿ ಪ್ರಮುಖರಾದ ರಾಮಮೋಹನರು ಮುಂದೆ ಜಪಾನಿನ ಯೂಗೋ ಸಾಕೋ ಅವರೊಡಗೂಡಿ ರಾಮಾಯಣದ ಚಿತ್ರವೊಂದರಲ್ಲಿ ಕೆಲಸ ಮಾಡಿದರು. ಅದರ ಮೊದಲ ಸುದ್ದಿ ಹಬ್ಬಿದಾಗ, ದೇವರನ್ನು ವ್ಯಂಗ್ಯಚಿತ್ರದಂತೆ ತೋರಿಸಬಹುದೇ ಎಂಬ ಆಕ್ಷೇಪ ನಮ್ಮ ದೇಶದಲ್ಲಿ ಎದ್ದಿತು. ಆಕ್ಷೇಪಿಸಿದವರು ಒಂದು ರಾತ್ರಿ ತೊಗಲುಗೊಂಬೆಯ ಪರದೆಯ ಮುಂದೆ ಕುಳಿತಿದ್ದರೆ ಹೀಗೆ ಕೇಳುತ್ತಿರಲಿಲ್ಲವೇನೋ. ಬಣ್ಣ ಬಳಿದ ಚರ್ಮದಲ್ಲಿ ರಾಮನನ್ನು ಕಂಡು ಕೈಮುಗಿಯುವುದು ಈ ಸೀಮೆಯ ಜನಕ್ಕೆ ಎಂದೂ ತೊಡಕಾಗಿರಲಿಲ್ಲ. ಕೊನೆಗೆ ಚಿತ್ರವು ಜಪಾನಿನಲ್ಲಿಯೇ ಸಿದ್ಧವಾಯಿತು. ಧೋತರವನ್ನು ಉಡುವ ಬಗೆಯನ್ನೂ, ಹಿರಿಯರಿಂದ ಮಕ್ಕಳು ಆಶೀರ್ವಾದ ಪಡೆಯುವ ರೀತಿಯನ್ನೂ ಭಾರತದ ಕಲಾವಿದರು ಅಲ್ಲಿಯವರಿಗೆ ಕಲಿಸಿದರು. ಸುಮಾರು 450 ಕಲಾವಿದರು ಸುಮಾರು ಒಂದು ಲಕ್ಷ ಹಾಳೆಗಳನ್ನು ಬರೆದರು. 1992ರಲ್ಲಿ ಮುಗಿದ ಆ ಚಿತ್ರದ ಅವಧಿ 135 ನಿಮಿಷ.

ಅದರಲ್ಲಿಯೂ ಹಳೆಯ ಗುಣದೋಷಗಳು ಒಟ್ಟಿಗೇ ಕಾಣುತ್ತವೆ. ಸಮುದ್ರವನ್ನು ಹಾರುವ ಹನುಮಂತ, ನಿದ್ದೆಯಿಂದೇಳುವ ಕುಂಭಕರ್ಣ ಇವರು ಕೈಚಿತ್ರಕ್ಕೆಂದೇ ಹುಟ್ಟಿದವರು. ಯಾವ ನಟನೂ ಇವರನ್ನು ಇಷ್ಟು ಸಲೀಸಾಗಿ ನಟಿಸಲಾರ. ರಾಮಸೀತೆಯರ ಮುಖಗಳು ಸುಂದರವಾಗಿವೆ. ಆದರೆ ಭಾವ ಬದಲಾಗುವುದು ಕಡಿಮೆ. ಗಾಂಭೀರ್ಯವುಳ್ಳವನು ಹೆಚ್ಚು ಅಲುಗಾಡುವುದಿಲ್ಲ. ಅಲುಗಾಡದ ಗೆರೆಯಾದರೋ ತೆರೆಯ ಮೇಲೆ ನಿರ್ಜೀವವಾಗಿ ತೋರುತ್ತದೆ. ಗೊಂಬೆಯಾಟದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ರಾಮನ ಗೊಂಬೆ ಅಲುಗದೆ ನಿಂತಿದ್ದರೂ ಪರದೆಯ ಹಿಂದಿನ ಹಾಡಿನ ದನಿ ಅದಕ್ಕೆ ಉಸಿರು ಕೊಡುತ್ತಿರುತ್ತದೆ.

ಸಾಕೋ ಅವರು 2012ರಲ್ಲಿಯೂ ರಾಮಮೋಹನರು 2019ರಲ್ಲಿಯೂ ತೀರಿಕೊಂಡರು. ಅವರ ಚಿತ್ರವು ಶುಚಿಗೊಂಡ ಹೊಸ ಪ್ರತಿಯಲ್ಲಿ 2025ರ ಜನವರಿ 24ರಂದು ಭಾರತದ ಚಿತ್ರಮಂದಿರಗಳಿಗೆ ಬಂದಿತು. ಅದರ ಮರುದಿನ, ರಾಮಾಯಣ ಮಹಾಭಾರತಗಳನ್ನು ತೊಗಲುಗೊಂಬೆಗಳಲ್ಲಿ ಆಡಿಸುತ್ತ ಬಂದ ಕೊಪ್ಪಳ ಜಿಲ್ಲೆಯ ಮೋರನಾಳದ ವೃದ್ಧೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು. ಹೊಸ ಪ್ರತಿಯಲ್ಲಿ ಬಣ್ಣಗಳು ಮೊದಲಿಗಿಂತ ಸ್ವಚ್ಛವಾಗಿವೆ. ಗೆರೆಗಳನ್ನು ಮಾತ್ರ ಯಾರೂ ಮತ್ತೆ ಬರೆದಿಲ್ಲ.