ಗಾಮಾ ಕಿರಣಗಳ ಎಣಿಕೆ: ಕಂಪ್ಯೂಟರ್ ಹೇಳಿದ್ದನ್ನು ನಂಬುವ ಮೊದಲು

2011ರ ಫುಕುಶಿಮಾ ಅಣುಸ್ಥಾವರ ದುರಂತದ ನಂತರ ಜಪಾನಿನಲ್ಲಿ ಅಕ್ಕಿ, ತರಕಾರಿ, ಮೀನುಗಳ ವಿಕಿರಣ ಪರೀಕ್ಷೆ ನಡೆಯಿತು. 2012ರ ಏಪ್ರಿಲ್‌ನಿಂದ ಸಾಮಾನ್ಯ ಆಹಾರದಲ್ಲಿ ವಿಕಿರಣಶೀಲ ಸೀಸಿಯಂನ ಮಿತಿ ಕಿಲೋಗ್ರಾಮಿಗೆ 100 ಬೆಕ್ವೆರೆಲ್ ಎಂದಾಯಿತು. ಒಂದು ಬೆಕ್ವೆರೆಲ್ ಎಂದರೆ ಸೆಕೆಂಡಿಗೆ ಒಂದು ವಿಘಟನೆ. ಇದನ್ನು ಅಳೆಯುವುದು ಹೇಗೆ?

ಸೀಸಿಯಂ-134 ಸೂಸುವ ಒಂದು ಗಾಮಾ ಕಿರಣದ ಶಕ್ತಿ 605 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕೆ.ಇ.ವಿ.). ಮಣ್ಣಿನಲ್ಲಿ ಸಹಜವಾಗಿಯೇ ಇರುವ ಬಿಸ್ಮತ್-214ರದ್ದು 609. ಸೋಡಿಯಂ ಅಯೊಡೈಡ್ ಡಿಟೆಕ್ಟರಿನಲ್ಲಿ ಇವೆರಡೂ ಬೆರೆತು ಒಂದೇ ದಿಬ್ಬವಾಗಿ ಕಾಣುತ್ತವೆ. ಅತಿಶುದ್ಧ ಜರ್ಮೇನಿಯಂ ಡಿಟೆಕ್ಟರಿನಲ್ಲಿ ಎರಡು ಬೇರೆ ಬೇರೆ ಶಿಖರಗಳು ಮೂಡುತ್ತವೆ. ಈ ಅರೆವಾಹಕದಲ್ಲಿ ಒಂದು ಎಲೆಕ್ಟ್ರಾನ್-ರಂಧ್ರ ಜೋಡಿ ಉಂಟಾಗಲು ಸುಮಾರು 3 ಎಲೆಕ್ಟ್ರಾನ್ ವೋಲ್ಟ್ ಸಾಕು. ಜೋಡಿಗಳು ಹೆಚ್ಚಿದಷ್ಟೂ ಅಳತೆಯ ಏರುಪೇರು ಕಡಿಮೆ.

ಆದರೆ ಹೊರಟ ಕಿರಣಗಳೆಲ್ಲ ಶಿಖರದಲ್ಲಿ ದಾಖಲಾಗುವುದಿಲ್ಲ. ಕೆಲವು ಬೇರೆ ದಿಕ್ಕಿಗೆ ಹೋಗುತ್ತವೆ. ಕೆಲವು ಕಾಂಪ್ಟನ್ ಚದುರಿಕೆಗೊಳಗಾಗಿ, ಶಕ್ತಿಯ ಒಂದು ಭಾಗವನ್ನಷ್ಟೇ ಬಿಟ್ಟು ಹೊರಬೀಳುತ್ತವೆ. ದಾಖಲಾಗುವ ಪಾಲೇ ಡಿಟೆಕ್ಟರಿನ ದಕ್ಷತೆ. ಅದನ್ನು ಲೆಕ್ಕ ಹಾಕಲು ಮಾಂಟೆ ಕಾರ್ಲೊ ಸಿಮ್ಯುಲೇಶನ್ ಬಳಸುತ್ತಾರೆ. ಜೀಯಂಟ್-4ರಂತಹ ತಂತ್ರಾಂಶವು ಯಾದೃಚ್ಛಿಕ ಸಂಖ್ಯೆಗಳ ನೆರವಿನಿಂದ ಲಕ್ಷಾಂತರ ಕಿರಣಗಳನ್ನು ಒಂದೊಂದಾಗಿ ಹಿಂಬಾಲಿಸುತ್ತದೆ.

ತೊಡಕು ಇರುವುದು ಕೊಟ್ಟ ಮಾಹಿತಿಯಲ್ಲಿ. ಜರ್ಮೇನಿಯಂ ಹರಳಿನ ಹೊರಮೈಯಲ್ಲಿ ಸಂಕೇತ ಕೊಡದ ತೆಳುಪದರವೊಂದಿದೆ. ಅದಕ್ಕೆ ‘ಡೆಡ್ ಲೇಯರ್’ ಎನ್ನುತ್ತಾರೆ. ಡಿಟೆಕ್ಟರು ವರ್ಷಗಟ್ಟಲೆ ಬೆಚ್ಚಗಿದ್ದರೆ ಈ ಪದರ ದಪ್ಪವಾಗಬಹುದು. ಹಳೆಯ ದಪ್ಪವನ್ನೇ ಕೊಟ್ಟರೆ ಸಿಮ್ಯುಲೇಶನ್ ದಕ್ಷತೆಯನ್ನು ಹೆಚ್ಚಾಗಿ ತೋರಿಸುತ್ತದೆ.

ಒಂದು ಲೆಕ್ಕ ನೋಡೋಣ. ಸೀಸಿಯಂ-137 ಮಾತ್ರ ಇರುವ 1 ಕಿ.ಗ್ರಾಂ ಅಕ್ಕಿಯಿಂದ 1000 ಸೆಕೆಂಡಿನಲ್ಲಿ 662 ಕೆ.ಇ.ವಿ. ಶಿಖರದಲ್ಲಿ 1530 ಎಣಿಕೆ ಬಂದಿದೆ ಎಂದಿಟ್ಟುಕೊಳ್ಳಿ. 100 ವಿಘಟನೆಗಳಲ್ಲಿ ಸುಮಾರು 85 ಈ ಕಿರಣವನ್ನು ಕೊಡುತ್ತವೆ.

ದಕ್ಷತೆ 2% ಆದರೆ: 1530 ÷ (1000 × 0.85 × 0.02) = 90 ಬೆಕ್ವೆರೆಲ್
ದಕ್ಷತೆ 1.6% ಆದರೆ: 1530 ÷ (1000 × 0.85 × 0.016) = 112.5 ಬೆಕ್ವೆರೆಲ್

ಎಣಿಕೆ ಅದೇ, ಅಕ್ಕಿಯೂ ಅದೇ. ಮೊದಲ ಉತ್ತರದಂತೆ ಅದನ್ನು ಮಾರಬಹುದು, ಎರಡನೆಯದರಂತೆ ಮಾರುವಂತಿಲ್ಲ. ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ಮೊದಲು ಪ್ರಮಾಣ ಗೊತ್ತಿರುವ ವಿಕಿರಣ ಮೂಲವನ್ನು ಅಳೆದು, ಸಿಮ್ಯುಲೇಶನ್ನಿನ ಉತ್ತರ ಅದಕ್ಕೆ ಹೊಂದುವುದೇ ಎಂದು ನೋಡುತ್ತಾರೆ. ಅಳತೆಯೊಂದಿಗೆ ತಾಳೆಯಾದ ಮೇಲಷ್ಟೇ ಕಂಪ್ಯೂಟರಿನ ಉತ್ತರಕ್ಕೆ ಬೆಲೆ.

ಮಾಡಿ ನೋಡಿ: ಕ್ಯಾಲ್ಕ್ಯುಲೇಟರಿನಿಂದ 0 ಮತ್ತು 1ರ ನಡುವಿನ 20 ಯಾದೃಚ್ಛಿಕ ಸಂಖ್ಯೆಗಳನ್ನು ತೆಗೆಯಿರಿ. ಪ್ರತಿಯೊಂದರ ಸ್ವಾಭಾವಿಕ ಲಾಗರಿದಮ್‌ನ ಋಣ ಚಿಹ್ನೆ ಬಿಟ್ಟು 0.4ರಿಂದ ಭಾಗಿಸಿ. ಬಂದ ಉತ್ತರವೇ ಕಿರಣವು ಜರ್ಮೇನಿಯಂನಲ್ಲಿ ಮೊದಲ ಡಿಕ್ಕಿಗೆ ಮುನ್ನ ಸಾಗುವ ದೂರ, ಸೆಂಟಿಮೀಟರಿನಲ್ಲಿ. 4 ಸೆಂ.ಮೀ. ಹರಳನ್ನು ಎಷ್ಟು ಕಿರಣಗಳು ತಾಕದೆ ದಾಟಿದವು? ಸರಾಸರಿ 4 ಬರಬೇಕು. ನಿಮಗೆಷ್ಟು ಬಂತು?