ಬರೆದದ್ದು ಓದುಗರನ್ನು ತಲುಪಬೇಕಾದರೆ

ಬರೆಯುವ ಹಂಬಲ ನಮ್ಮ ಯುವಕ ಯುವತಿಯರಲ್ಲಿ ಅನೇಕರಿಗಿದೆ. ಆದರೆ ಕೆಲವರು ಎರಡು ಲೇಖನ ಬರೆದು, ಯಾರೂ ಓದಲಿಲ್ಲವೆಂದು ಲೇಖನಿ ಕೆಳಗಿಡುತ್ತಾರೆ. ಇನ್ನು ಕೆಲವರು ಜನರನ್ನು ಸೆಳೆಯಲು ಪರರ ದೋಷಗಳನ್ನು ಬಣ್ಣಿಸತೊಡಗುತ್ತಾರೆ. ಒಂದು ನಿರಾಶೆ, ಇನ್ನೊಂದು ಪರದೂಷಣೆ. ಎರಡೂ ಸತ್ಯವಿಶ್ವಾಸಿಗೆ ತಕ್ಕುದಲ್ಲ. ಹಾಗಾದರೆ ಓದುಗರನ್ನು ಗಳಿಸುವುದು ಹೇಗೆ?

ಮೊದಲನೆಯದಾಗಿ, ಯಾರಿಗಾಗಿ ಬರೆಯುತ್ತೀರೆಂದು ನಿಶ್ಚಯಿಸಿಕೊಳ್ಳಿರಿ. ಎಲ್ಲರಿಗಾಗಿ ಬರೆದದ್ದು ಹೆಚ್ಚಾಗಿ ಯಾರ ಮನಸ್ಸಿಗೂ ತಾಗುವುದಿಲ್ಲ. ಬೀಡಿ ಕಟ್ಟುತ್ತಾ ಮಕ್ಕಳ ಶಾಲೆಯ ಖರ್ಚನ್ನು ಲೆಕ್ಕ ಹಾಕುವ ತಾಯಿಗೆ ಬರೆಯುವುದಾದರೆ, ಆಕೆಯ ಮನಸ್ಸಿನ ಪ್ರಶ್ನೆಯಿಂದಲೇ ಆರಂಭಿಸಿರಿ. ಜನರಿಗೆ ಅರ್ಥವಾಗುವ ರೀತಿಯಲ್ಲಿ ಅವರೊಡನೆ ಮಾತನಾಡಬೇಕೆಂದು ಹಝ್ರತ್ ಅಲಿ(ರ) ಬೋಧಿಸಿದ್ದು ಬುಖಾರಿಯಲ್ಲಿ ವರದಿಯಾಗಿದೆ. ಅರಬಿ ಪದ ಬಂದಲ್ಲಿ ಅದರ ಅರ್ಥವನ್ನೂ ಜೊತೆಯಲ್ಲೇ ಹೇಳಿಬಿಡಿರಿ.

ಎರಡನೆಯದು ಮಿತಿ. ಅಬ್ದುಲ್ಲಾ ಬಿನ್ ಮಸ್‌ಊದ್(ರ) ಗುರುವಾರಗಳಂದು ಉಪದೇಶ ನೀಡುತ್ತಿದ್ದರು. ದಿನಾಲೂ ನೀಡಬೇಕೆಂದು ಒಬ್ಬರು ಕೋರಿದಾಗ, ಕೇಳುವವರಿಗೆ ಬೇಸರವಾಗಬಾರದೆಂದು ಅವರು ಒಪ್ಪಲಿಲ್ಲ. ಪ್ರವಾದಿ(ಸ)ರ ಕ್ರಮವೂ ಅದೇ ಆಗಿತ್ತೆಂದು ತಿಳಿಸಿದರು. ಓದುಗನ ಸಮಯ ನಿಮ್ಮ ಕೈಯಲ್ಲಿರುವ ಅಮಾನತ್ತು. ಬರೆದುದನ್ನು ಮನೆಯವರಿಗೆ ಓದಿ ಹೇಳಿರಿ. ಅವರು ಆಕಳಿಸಿದ ಕಡೆ ನಿರ್ದಾಕ್ಷಿಣ್ಯವಾಗಿ ಕತ್ತರಿ ಹಾಕಿರಿ.

ಮೂರನೆಯದಾಗಿ, ಇತರರನ್ನು ಓದಿರಿ. ಒಳ್ಳೆಯ ಬರಹ ಕಂಡರೆ ಬರೆದವರಿಗೆ ನಾಲ್ಕು ಸಾಲು ಬರೆದು ತಿಳಿಸಿರಿ. ಯಾವ ಮಾತು ಇಷ್ಟವಾಯಿತು, ಎಲ್ಲಿ ಸಂದೇಹ ಉಳಿಯಿತು ಎಂಬುದನ್ನು ಸ್ಪಷ್ಟವಾಗಿ ಹೇಳಿರಿ. ಬರಿಯ ಹೊಗಳಿಕೆಯಿಂದ ಯಾರಿಗೂ ಪ್ರಯೋಜನವಿಲ್ಲ. ಇತರರ ಬರಹಕ್ಕೆ ಕಿವಿಗೊಡದವನು ತನ್ನ ಬರಹಕ್ಕೆ ಕಿವಿಗಳನ್ನು ನಿರೀಕ್ಷಿಸುವುದು ನ್ಯಾಯವೇ? ನಿಮಗೆ ಪತ್ರ ಬಂದರೆ ಉತ್ತರಿಸಿರಿ, ಟೀಕೆಗೂ ಸೌಜನ್ಯದಿಂದಲೇ ಉತ್ತರಿಸಿರಿ.

ನಾಲ್ಕನೆಯದು ಶ್ರಮ ಮತ್ತು ಸಹನೆ. ಕನ್ನಡ ಕಾದಂಬರಿಯ ಆರಂಭಕಾಲದ ಲೇಖಕ ಗಳಗನಾಥರು (1869–1942) ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರು ಬರಲೆಂದು ಕಾಯದೆ ಓದುಗರಿದ್ದಲ್ಲಿಗೆ ನಡೆದರು. ಬಾನು ಮುಷ್ತಾಕ್‌ರ 12 ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ದೊರೆಯಿತು. ಆ ಕಥೆಗಳು ಮೂರು ದಶಕಗಳಲ್ಲಿ ಬರೆದಂಥವು. ಎರಡು ಲೇಖನಗಳಿಗೇ ದಣಿದವರು ಇದನ್ನು ಗಮನಿಸಬೇಕು. ಅಲ್ಪವಾದರೂ ನಿರಂತರವಾಗಿರುವ ಕರ್ಮ ಅಲ್ಲಾಹನಿಗೆ ಪ್ರಿಯವೆಂದು ಪ್ರವಾದಿ(ಸ) ಕಲಿಸಿದ್ದಾರೆ.

ಕೊನೆಯದಾಗಿ, ನಿಯ್ಯತ್. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹವನ್ನು ಉದ್ದೇಶಶುದ್ಧಿಯ ಹದೀಸಿನಿಂದಲೇ ಆರಂಭಿಸಿದ್ದಾರೆ. ಓದುಗರನ್ನು ಬಯಸುವುದು ತಪ್ಪಲ್ಲ. ತಲುಪದ ಮಾತಿನಿಂದ ಯಾರಿಗೆ ಲಾಭ? ಆದರೆ ಹೆಸರೇ ಗುರಿಯಾದಾಗ, ಜನ ಮೆಚ್ಚುವ ಸುಳ್ಳು ಸತ್ಯಕ್ಕಿಂತ ಸುಂದರವಾಗಿ ಕಾಣತೊಡಗುತ್ತದೆ. ಬರಹಗಾರನ ಪತನ ಅಲ್ಲಿಂದಲೇ ಆರಂಭ.

ಆದ್ದರಿಂದ ಓದುಗರ ಸಂಖ್ಯೆಯನ್ನು ಎಣಿಸುವ ಮುನ್ನ ಯೋಚಿಸಿರಿ. ನಿಮ್ಮ ಲೇಖನ ಓದಿದ ಒಬ್ಬನೇ ಒಬ್ಬ ಮನುಷ್ಯ, ಮಾತು ಬಿಟ್ಟಿದ್ದ ತಮ್ಮನ ಮನೆಯ ಬಾಗಿಲು ತಟ್ಟಿದರೆ, ನಿಮ್ಮ ಶ್ರಮ ವ್ಯರ್ಥವಾಯಿತೆಂದು ಹೇಳಲು ಯಾರಿಗೆ ಸಾಧ್ಯ?