ಎರಡು ಮಾರು ಆಳದ ನಗೆ: ಮಾರ್ಕ್ ಟ್ವೇನನ ಸಮಗ್ರ ಕೃತಿಗಳ ಒಂದು ಅಧ್ಯಯನ

ನಗೆಗಾರನಿಗೆ ಲೋಕವು ಎರಡು ಬಗೆಯ ಅನ್ಯಾಯ ಮಾಡುತ್ತದೆ. ಅವನು ಬದುಕಿರುವಾಗ ಅವನ ಮಾತಿಗೆ ನಕ್ಕು ಮರೆತುಬಿಡುತ್ತದೆ. ಕಾಲವಾದ ಮೇಲೆ ಅವನ ಕೃತಿಗಳಿಂದ ಒಂದೆರಡು ವಿನೋದ ಪ್ರಸಂಗಗಳನ್ನು ಆರಿಸಿ ಪಠ್ಯಪುಸ್ತಕಕ್ಕೆ ಸೇರಿಸಿ, ಅಲ್ಲಿಗೆ ಅವನ ಋಣ ತೀರಿತೆಂದು ಭಾವಿಸುತ್ತದೆ. ಅಮೆರಿಕದ ಹಾಸ್ಯಸಾಹಿತಿ ಮತ್ತು ಕಾದಂಬರಿಕಾರ ಮಾರ್ಕ್ ಟ್ವೇನನಿಗೆ ಆಗಿರುವುದೂ ಇದೇ. ಶಾಲೆಯಲ್ಲಿ ಅವನ ಹೆಸರು ಕೇಳಿದವರಿಗೆ ನೆನಪಾಗುವುದು ಬೇಲಿಗೆ ಸುಣ್ಣ ಬಳಿಯುವ ಟಾಮ್ ಸಾಯರನ ಚಾತುರ್ಯ ಮಾತ್ರ. ಆ ಪ್ರಸಂಗ ಸೊಗಸಾದುದೇ. ಆದರೆ ಅದು ಹೊಳೆಯ ದಡ, ಹೊಳೆಯಲ್ಲ. ಹಾಸ್ಯಗಾರನನ್ನು ಸಮಗ್ರವಾಗಿ ಓದಿದಲ್ಲದೆ ಅವನ ನಗೆಯ ಆಳ ತಿಳಿಯದು ಎಂಬುದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹೆಸರಿನ ಅರ್ಥ

ಮಾರ್ಕ್ ಟ್ವೇನ್ ಎಂಬುದು ಕಾವ್ಯನಾಮ. ತಂದೆತಾಯಿಗಳು ಇಟ್ಟ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಮಿಸೌರಿ ರಾಜ್ಯದಲ್ಲಿ ಹುಟ್ಟಿದ ಈತ ಬೆಳೆದದ್ದು ಮಿಸಿಸಿಪಿ ನದಿಯ ದಡದ ಹ್ಯಾನಿಬಲ್ ಎಂಬ ಊರಿನಲ್ಲಿ. 1847ರಲ್ಲಿ ತಂದೆ ತೀರಿಕೊಂಡ ಮೇಲೆ ಬಾಲಕನ ಶಾಲೆ ಬಹುಕಾಲ ನಡೆಯಲಿಲ್ಲ. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತ ಅಕ್ಷರ ಕಲಿತನು. ಆಮೇಲೆ ನದಿಯ ಹಬೆದೋಣಿಯಲ್ಲಿ ಚುಕ್ಕಾಣಿಗನಾದನು. ದೋಣಿಯ ಮುಂದೆ ನಿಂತವನು ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಆಳವನ್ನು ಕೂಗಿ ಹೇಳುತ್ತಿದ್ದನು. ಆ ಕೂಗುಗಳಲ್ಲಿ ಒಂದು ‘ಮಾರ್ಕ್ ಟ್ವೇನ್’. ಎಂದರೆ ಎರಡು ಅಳತೆ, 12 ಅಡಿ ನೀರು. ದೋಣಿ ತಳ ತಾಗದೆ ಸಾಗಬಹುದು ಎಂದು ಅದರ ಅಭಿಪ್ರಾಯ. 1863ರಿಂದ ಈ ಕೂಗನ್ನೇ ಅವನು ತನ್ನ ಹೆಸರಾಗಿ ಮಾಡಿಕೊಂಡನು.

ನಮ್ಮ ಸೀಮೆಯವರಿಗೆ ಈ ಅಳತೆ ಅಪರಿಚಿತವಲ್ಲ. ಚಾಚಿದ ಎರಡು ತೋಳುಗಳ ಉದ್ದಕ್ಕೆ ನಾವು ‘ಮಾರು’ ಎನ್ನುತ್ತೇವೆ. ಸಂತೆಯಲ್ಲಿ ಹೂವನ್ನೂ ಬಾವಿಯ ಬಳಿ ಹಗ್ಗವನ್ನೂ ಅಳೆಯುವ ಮಾರು ಅದೇ ಹೆಚ್ಚುಕಡಿಮೆ ಆರಡಿಯದು. ಆದ್ದರಿಂದ ಮಾರ್ಕ್ ಟ್ವೇನನನ್ನು ಅಚ್ಚಗನ್ನಡದಲ್ಲಿ ‘ಎರಡು ಮಾರು’ ಎಂದು ಕರೆದರೆ ತಪ್ಪಾಗದು. ಅವನ ನಗೆಯ ಕೆಳಗೆ ಎಷ್ಟು ನೀರಿದೆ ಎಂದು ಅಳೆದು ನೋಡುವವರಿಗೆ ಈ ಹೆಸರೇ ಕೈಗೋಲು.

ನಮ್ಮ ನದಿ, ಅವನ ನದಿ

ಟ್ವೇನನಿಗೂ ಮಂಡ್ಯ ಜಿಲ್ಲೆಗೂ ಒಂದು ನಂಟಿದೆ. ‘ಮೈಸೂರು ಮಲ್ಲಿಗೆ’ಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರು ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯವರು. ಟ್ವೇನನ ಮೇರುಕೃತಿಯಾದ ಹಕಲ್‌ಬರಿ ಫಿನ್ನನ ಸಾಹಸಗಳ ಕಥೆಯನ್ನು ಕನ್ನಡಕ್ಕೆ ತಂದವರಲ್ಲಿ ಅವರೂ ಒಬ್ಬರು. ದಾಂಪತ್ಯದ ಕೋಮಲ ಭಾವಗಳನ್ನು ಹಾಡಿದ ಕವಿ, ತಾಯಿಯಿಲ್ಲದ, ಕುಡುಕ ತಂದೆಯ ಹೊಡೆತಕ್ಕೆ ಹೆದರಿ ಓಡಿಹೋದ ಹುಡುಗನ ಕಥೆಗೂ ಕೈಹಾಕಿದರೆಂಬುದು ಗಮನಾರ್ಹ.

ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿದವರು ಎ. ಎನ್. ಮೂರ್ತಿರಾಯರು. ಅವರ ಪ್ರಬಂಧಗಳ ತಿಳಿನಗೆ ಕನ್ನಡ ಓದುಗರೆಲ್ಲ ಬಲ್ಲದ್ದು. ಅಕ್ಕಿಹೆಬ್ಬಾಳಿನ ಪಕ್ಕದಲ್ಲಿ ಹರಿಯುವ ಹೇಮಾವತಿಯ ದಡದಲ್ಲಿಯೇ, ಮೇಲುಹರಿವಿನಲ್ಲಿ, ಹಾಸನ ಜಿಲ್ಲೆಯ ಗೊರೂರು ಇದೆ. ಅಲ್ಲಿ 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು 1930ರಲ್ಲಿ ‘ಹಳ್ಳಿಯ ಚಿತ್ರಗಳು’ ಪ್ರಕಟಿಸಿ ನಮ್ಮ ಗ್ರಾಮಜೀವನವನ್ನು ನಗುನಗುತ್ತ ಸಾಹಿತ್ಯಕ್ಕೆ ಕರೆತಂದರು. ಮುಂದೆ ‘ಹೇಮಾವತಿ’ ಎಂಬ ಹೆಸರಿನಲ್ಲಿಯೇ ಕಾದಂಬರಿ ಬರೆದರು. ಹುಟ್ಟೂರು, ನದಿ, ಸಾಮಾನ್ಯ ಜನರ ಆಡುಮಾತು ಇವುಗಳಿಂದಲೇ ದೊಡ್ಡ ಸಾಹಿತ್ಯ ಸೃಷ್ಟಿಯಾದೀತೆಂಬುದಕ್ಕೆ ಅಲ್ಲಿ ಟ್ವೇನ್ ಸಾಕ್ಷಿ, ಇಲ್ಲಿ ಗೊರೂರರು ಸಾಕ್ಷಿ. ಹೇಮಾವತಿಯು ಕಾವೇರಿಯನ್ನು ಕೂಡಿ, ಕನ್ನಂಬಾಡಿಯಲ್ಲಿ ನಿಂತು, ವಿಶ್ವೇಶ್ವರಯ್ಯ ನಾಲೆಯ ಮೂಲಕ ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳಿಗೆ ಬರುತ್ತದೆ. ಆ ನೀರಿನ ಫಲವುಂಡು ಬೆಳೆದ ಮಕ್ಕಳಿಗೆ ಮಿಸಿಸಿಪಿಯ ಕಥೆ ದೂರದ್ದಾಗಬೇಕಿಲ್ಲ.

ಕೃತಿಗಳ ಮೂರು ಪದರ

ಟ್ವೇನನ ಬರಹಗಳನ್ನು ಅಧ್ಯಯನದ ಅನುಕೂಲಕ್ಕಾಗಿ ಮೂರು ಪದರಗಳಾಗಿ ವಿಂಗಡಿಸಬಹುದು.

ಮೊದಲನೆಯದು ವಿನೋದದ ಪದರ. 1865ರಲ್ಲಿ ಪ್ರಕಟವಾದ ಜಿಗಿಯುವ ಕಪ್ಪೆಯ ಕಥೆ ಅವನಿಗೆ ಹೆಸರು ತಂದಿತು. 1869ರ ಯೂರೋಪು ಮತ್ತು ಪವಿತ್ರಭೂಮಿಯ ಪ್ರವಾಸಕಥನ, 1872ರ ಪಶ್ಚಿಮ ಸೀಮೆಯ ಅನುಭವಕಥನ ಈ ಪದರಕ್ಕೆ ಸೇರುತ್ತವೆ.

ಎರಡನೆಯದು ನದಿಯ ಪದರ. 1876ರಲ್ಲಿ ‘ಟಾಮ್ ಸಾಯರ್’, 1883ರಲ್ಲಿ ಮಿಸಿಸಿಪಿಯ ಬದುಕನ್ನು ಕುರಿತ ಗ್ರಂಥ, 1884ರ ಕೊನೆಗೆ ಇಂಗ್ಲೆಂಡಿನಲ್ಲಿಯೂ 1885ರಲ್ಲಿ ಅಮೆರಿಕದಲ್ಲಿಯೂ ‘ಹಕಲ್‌ಬರಿ ಫಿನ್’ ಬಂದವು. ಇವುಗಳಲ್ಲಿ ಎರಡನೆಯ ಗ್ರಂಥವನ್ನು ಅಧ್ಯಾಪಕರಾದವರು ಅವಶ್ಯ ಓದಬೇಕು. ಹೊರೇಸ್ ಬಿಕ್ಸ್‌ಬಿ ಎಂಬ ಗುರುವಿನ ಬಳಿ ತರುಣ ಶಿಷ್ಯನು ನೂರಾರು ಮೈಲಿ ನದಿಯ ಪ್ರತಿಯೊಂದು ತಿರುವನ್ನೂ ಕಂಠಪಾಠ ಮಾಡುತ್ತಾನೆ. ಕಲಿತು ಮುಗಿಯಿತೆನ್ನುವಷ್ಟರಲ್ಲಿ, ಕತ್ತಲೆಯಲ್ಲಿ ಅದೇ ನದಿ ಬೇರೆಯಾಗಿ ಕಾಣುವುದೆಂದೂ, ನೆರೆ ಇಳಿದ ಮೇಲೆ ಮರಳದಿಬ್ಬಗಳು ಸ್ಥಳ ಬದಲಿಸುವುವೆಂದೂ ತಿಳಿಯುತ್ತದೆ. ಕಲಿತದ್ದನ್ನು ಮತ್ತೆ ಮತ್ತೆ ಕಲಿಯಬೇಕೆಂಬ ಪಾಠವನ್ನು ಇಷ್ಟು ರಸವತ್ತಾಗಿ ಹೇಳಿದ ಪುಸ್ತಕಗಳು ವಿರಳ.

ಮೂರನೆಯದು ನೋವಿನ ಮತ್ತು ಕೋಪದ ಪದರ. ಅಧಿಕಾರ, ಯುದ್ಧ, ಸಾಮ್ರಾಜ್ಯದಾಹಗಳನ್ನು ಕುರಿತ ಕೊನೆಗಾಲದ ಬರಹಗಳು ಇಲ್ಲಿ ಬರುತ್ತವೆ. ಯುದ್ಧದಲ್ಲಿ ಗೆಲುವಿಗಾಗಿ ಮಾಡುವ ಪ್ರಾರ್ಥನೆಯು ಶತ್ರುವಿನ ಮಕ್ಕಳ ಸಾವಿಗಾಗಿ ಮಾಡುವ ಪ್ರಾರ್ಥನೆಯೂ ಹೌದೆಂದು ತೋರಿಸುವ ಕಿರುಬರಹವನ್ನು ಪತ್ರಿಕೆಯೊಂದು 1905ರಲ್ಲಿ ತಿರಸ್ಕರಿಸಿತು. ಲೇಖಕನು ತೀರಿಕೊಂಡು 13 ವರ್ಷವಾದ ಮೇಲೆ, 1923ರಲ್ಲಿ, ಅದು ಅಚ್ಚಾಯಿತು.

ತೆಪ್ಪದ ಮೇಲಿನ ಪಾಠ

ಈ ಮೂರು ಪದರಗಳೂ ಒಂದಾಗುವುದು ‘ಹಕಲ್‌ಬರಿ ಫಿನ್’ನಲ್ಲಿ. ತಂದೆಯಿಂದ ತಪ್ಪಿಸಿಕೊಂಡ ಬಿಳಿಯ ಹುಡುಗ ಹಕ್, ಒಡತಿಯಿಂದ ತಪ್ಪಿಸಿಕೊಂಡ ಕರಿಯ ಗುಲಾಮ ಜಿಮ್, ಇಬ್ಬರೂ ಒಂದೇ ತೆಪ್ಪದಲ್ಲಿ ನದಿಯಲ್ಲಿ ತೇಲುತ್ತಾರೆ. ಒಂದು ರಾತ್ರಿ ಮಂಜಿನಲ್ಲಿ ಇಬ್ಬರೂ ಅಗಲುತ್ತಾರೆ. ಜಿಮ್ ಕೂಗಿ ಕೂಗಿ ದಣಿದು, ಹುಡುಗ ಸತ್ತನೆಂದು ದುಃಖಿಸಿ ನಿದ್ರೆಹೋಗುತ್ತಾನೆ. ಹಕ್ ಮೆಲ್ಲನೆ ಬಂದು, ಏನೂ ಆಗಿಯೇ ಇಲ್ಲ, ನೀನು ಕಂಡದ್ದು ಕನಸು ಎಂದು ನಂಬಿಸುತ್ತಾನೆ. ಕೊನೆಗೆ ನಿಜ ತಿಳಿದಾಗ ಜಿಮ್ ಬೈಯುವುದಿಲ್ಲ. ತನಗಾಗಿ ಎದೆಯೊಡೆದುಕೊಂಡ ಗೆಳೆಯನನ್ನು ನಾಚಿಸುವವರು ಕಸಕ್ಕೆ ಸಮಾನರೆಂಬರ್ಥದ ಮಾತನಾಡಿ ಒಳಕ್ಕೆ ಹೋಗುತ್ತಾನೆ. ಗುಲಾಮನ ಮುಂದೆ ತಲೆಬಾಗಲು ಹಕ್‌ನಿಗೆ ಹದಿನೈದು ನಿಮಿಷ ಬೇಕಾಗುತ್ತದೆ. ಆದರೆ ಅವನು ಬಾಗುತ್ತಾನೆ.

ಇಲ್ಲಿ ಟ್ವೇನ್ ತನ್ನ ಕಸುಬನ್ನೇ ನ್ಯಾಯಸ್ಥಾನದ ಮುಂದೆ ನಿಲ್ಲಿಸಿದ್ದಾನೆ. ಇನ್ನೊಬ್ಬನ ನೋವಿನ ಮೇಲೆ ನಿಂತ ವಿನೋದ ವಿನೋದವಲ್ಲ ಎಂಬ ತೀರ್ಪು ನಗೆಗಾರನಿಂದಲೇ ಬಂದಿದೆ. ಮುಂದೆ, ಜಿಮ್ಮನನ್ನು ಹಿಡಿದುಕೊಡಲು ಬರೆದ ಕಾಗದವನ್ನು ಹಕ್ ಹರಿದುಹಾಕುವ ಘಟ್ಟ ಬರುತ್ತದೆ. ಗುಲಾಮನಿಗೆ ನೆರವಾಗುವುದು ನರಕಕ್ಕೆ ದಾರಿಯೆಂದು ಅವನ ಊರು ಕಲಿಸಿತ್ತು. ಹುಡುಗ ಆ ಪಾಠ ಸುಳ್ಳೆಂದು ಅರಿತು ಕಾಗದ ಹರಿಯುವುದಿಲ್ಲ. ಅದು ಸತ್ಯವೆಂದೇ ನಂಬಿ, ನರಕವಾದರೂ ಸರಿ, ಗೆಳೆಯನನ್ನು ಬಿಡೆನೆಂದು ನಿಶ್ಚಯಿಸುತ್ತಾನೆ.

ಗುಲಾಮಗಿರಿ 1865ರಲ್ಲಿ ರದ್ದಾಗಿತ್ತು. ಆದರೂ ಇಪ್ಪತ್ತು ವರ್ಷಗಳ ಬಳಿಕ ಟ್ವೇನ್ ಈ ಕಥೆ ಹೇಳಿದನು. ಕಾನೂನು ಬದಲಾದ ದಿನವೇ ಮನಸ್ಸು ಬದಲಾಗುವುದಿಲ್ಲ. 1950ರ ಸಂವಿಧಾನದಲ್ಲಿ ಅಸ್ಪೃಶ್ಯತೆಯನ್ನು ತೊಡೆದುಹಾಕಿದ ದೇಶದಲ್ಲಿ ಶಾಲೆ ನಡೆಸುವ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾದಂಬರಿಗೆ ವಿರೋಧವೂ ಬಂದಿತು. 1885ರಲ್ಲಿಯೇ ಮ್ಯಾಸಚೂಸೆಟ್ಸಿನ ಕಾಂಕರ್ಡ್ ಊರಿನ ಗ್ರಂಥಾಲಯ ಅದನ್ನು ಒರಟು ಕೃತಿಯೆಂದು ಹೊರಗಿಟ್ಟಿತು. ಇತ್ತೀಚಿನ ಆಕ್ಷೇಪ ಇನ್ನೂ ಗಂಭೀರವಾದುದು. ಕರಿಯರನ್ನು ಹೀನಾಯಿಸುವ ಶಬ್ದ ಅಲ್ಲಿ 200ಕ್ಕೂ ಹೆಚ್ಚು ಬಾರಿ ಬರುತ್ತದೆ. 2011ರಲ್ಲಿ ಒಂದು ಆವೃತ್ತಿ ಆ ಶಬ್ದವನ್ನು ತೆಗೆದು ‘ಗುಲಾಮ’ ಎಂಬುದನ್ನು ಇಟ್ಟಿತು. ಕೊನೆಯ ಅಧ್ಯಾಯಗಳಲ್ಲಿ ಟಾಮ್ ಸಾಯರನು ಜಿಮ್ಮನ ಬಿಡುಗಡೆಯನ್ನು ಆಟವಾಗಿಸುವುದನ್ನು ಮೆಚ್ಚದ ವಿಮರ್ಶಕರೂ ಅನೇಕರಿದ್ದಾರೆ. ಜಾತಿಯ ಬೈಗುಳಗಳು ಇನ್ನೂ ಕಿವಿಗೆ ಬೀಳುವ ನಮ್ಮ ಊರುಗಳಲ್ಲಿ ಅಧ್ಯಾಪಕರು ಏನು ಮಾಡಬೇಕು? ತರಗತಿಯಲ್ಲಿ ಆ ಶಬ್ದವನ್ನು ಗಟ್ಟಿಯಾಗಿ ಓದಿಸಬೇಕಾದ ಅಗತ್ಯವಿಲ್ಲ. ಯಾವ ಮಗುವಿನ ಮನಸ್ಸೂ ನೋಯಬಾರದು. ಆದರೆ ಆ ಶಬ್ದ ಇತ್ತೆಂಬುದನ್ನೂ ಅದನ್ನು ಆಡಿದವರು ಒಳ್ಳೆಯವರೆನಿಸಿಕೊಂಡಿದ್ದರೆಂಬುದನ್ನೂ ಮರೆಮಾಚಬಾರದು. ಮರೆಮಾಚಿದರೆ ಹಕ್ ಗೆದ್ದದ್ದು ಯಾವುದರ ಮೇಲೆ ಎಂಬುದೇ ಮಕ್ಕಳಿಗೆ ತಿಳಿಯದು.

ಭಾರತದಲ್ಲಿ ಟ್ವೇನ್

1896ರ ಜನವರಿಯಲ್ಲಿ ಟ್ವೇನ್ ಮುಂಬಯಿಗೆ ಬಂದಿಳಿದನು. ಅಲ್ಲಿನ ಹೋಟೆಲಿನಲ್ಲಿ ಕೋಣೆಯ ಬಾಗಿಲು ಸರಿಪಡಿಸುವಾಗ ಜರ್ಮನ್ ಮನುಷ್ಯನೊಬ್ಬನು ಭಾರತೀಯ ಸೇವಕನ ದವಡೆಗೆ ಹೊಡೆದನು. ತಪ್ಪೇನೆಂದು ಹೇಳಿದ್ದು ಹೊಡೆದ ಮೇಲೆ. ಸೇವಕ ಮೌನವಾಗಿ ಸಹಿಸಿದನು. ಆ ಕ್ಷಣದಲ್ಲಿ ಟ್ವೇನನಿಗೆ ಐವತ್ತು ವರ್ಷ ಹಿಂದಿನ ಬಾಲ್ಯ ಮರುಕಳಿಸಿತು. ತನ್ನ ತಂದೆ ಮನೆಯ ಗುಲಾಮ ಹುಡುಗನಿಗೆ ಸಣ್ಣ ತಪ್ಪಿಗೂ ಹೊಡೆಯುತ್ತಿದ್ದುದು, ಹತ್ತು ವರ್ಷದವನಾಗಿದ್ದಾಗ ಒಬ್ಬನು ಎಸೆದ ಕಬ್ಬಿಣದ ಅದಿರಿನ ಗಟ್ಟಿ ತಗಲಿ ಗುಲಾಮನೊಬ್ಬ ಸತ್ತದ್ದು ನೆನಪಾದವು. 1897ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಇದನ್ನೆಲ್ಲ ಬರೆದನು. ‘ಹಕಲ್‌ಬರಿ ಫಿನ್’ ಯಾವ ಬುಗ್ಗೆಯಿಂದ ಹುಟ್ಟಿತೆಂಬುದನ್ನು ತೋರಿಸುವ ಪುಟಗಳು ಇವು. ಅವು ಇರುವುದು ಭಾರತದ ವೃತ್ತಾಂತದಲ್ಲಿ; ಕಾದಂಬರಿಯೊಂದನ್ನೇ ಓದಿದವರಿಗೆ ಅವು ದೊರೆಯವು. ಅದೇ ಪ್ರವಾಸದಲ್ಲಿ ಅವನು ಕಾಶಿಯಲ್ಲಿ ಭಾಸ್ಕರಾನಂದ ಸರಸ್ವತೀ ಸ್ವಾಮಿಗಳನ್ನು ಕಂಡು, ಅವರಿಗೆ ತನ್ನ ‘ಹಕಲ್‌ಬರಿ ಫಿನ್’ ಪ್ರತಿಯೊಂದನ್ನು ಅರ್ಪಿಸಿದನು.

ಆ ಪ್ರವಾಸ ವಿಹಾರಕ್ಕೆಂದು ಕೈಗೊಂಡದ್ದಲ್ಲ. ಮೊಳೆ ಜೋಡಿಸುವ ಯಂತ್ರವೊಂದಕ್ಕೆ ಹಣ ಸುರಿದು, ತನ್ನ ಪ್ರಕಾಶನ ಸಂಸ್ಥೆಯೂ ಮುಳುಗಿ, 1894ರಲ್ಲಿ ಟ್ವೇನ್ ದಿವಾಳಿಯಾಗಿದ್ದನು. ಕಾನೂನಿನ ಪ್ರಕಾರ ಸಾಲದ ಒಂದಂಶ ಕೊಟ್ಟು ಕೈತೊಳೆದುಕೊಳ್ಳಬಹುದಾಗಿತ್ತು. ಅವನು ಒಪ್ಪಲಿಲ್ಲ. ಅರವತ್ತರ ವಯಸ್ಸಿನಲ್ಲಿ ದೇಶದೇಶಗಳಲ್ಲಿ ಉಪನ್ಯಾಸ ಮಾಡಿ, 1898ರ ಹೊತ್ತಿಗೆ ಪ್ರತಿಯೊಂದು ಡಾಲರನ್ನೂ ತೀರಿಸಿದನು. ಈ ನಡುವೆ, 1896ರ ಆಗಸ್ಟಿನಲ್ಲಿ, ಅವನು ಇಂಗ್ಲೆಂಡಿನಲ್ಲಿರುವಾಗಲೇ ಮಗಳು ಸೂಸಿ ಅಮೆರಿಕದಲ್ಲಿ ತೀರಿಕೊಂಡಳು. ಜನರನ್ನು ನಗಿಸಿ ಗಳಿಸಿದ ಹಣದಿಂದ ಋಣ ತೀರಿಸಿದವನ ಮನೆಯಲ್ಲಿ ಆಗ ನಗೆಯಿರಲಿಲ್ಲ.

ಸಮಗ್ರವೆಂದರೆ ಏನು?

1910ರ ಏಪ್ರಿಲ್ 21ರಂದು ಟ್ವೇನ್ ಕಾಲವಾದನು. 1922ರಿಂದ 1925ರವರೆಗೆ ಅವನ ಕೃತಿಗಳು 37 ಸಂಪುಟಗಳಲ್ಲಿ ಬಂದವು. ಆದರೆ ಸಂಪುಟಗಳ ಸಂಖ್ಯೆಯೇ ಸಮಗ್ರತೆಯಲ್ಲ. ಅವನ ಜೀವನಚರಿತ್ರೆಕಾರ ಪೇಯ್ನ್ 1916ರಲ್ಲಿ ಹೊರತಂದ ಒಂದು ಕೊನೆಗಾಲದ ಕಥೆ, ಬೇರೆ ಬೇರೆ ಹಸ್ತಪ್ರತಿಗಳನ್ನು ಕತ್ತರಿಸಿ ಹೊಲಿದದ್ದೆಂದು 1963ರಲ್ಲಿ ವಿದ್ವಾಂಸ ಜಾನ್ ಟಕ್ಕಿ ತೋರಿಸಿದನು. ‘ಹಕಲ್‌ಬರಿ ಫಿನ್’ನ ಹಸ್ತಪ್ರತಿಯ ಕಾಣೆಯಾಗಿದ್ದ ಮೊದಲರ್ಧ 1990ರಲ್ಲಿ ಕ್ಯಾಲಿಫೋರ್ನಿಯಾದ ಮನೆಯೊಂದರ ಅಟ್ಟದ ಪೆಟ್ಟಿಗೆಯಲ್ಲಿ ಸಿಕ್ಕಿತು. ಆತ್ಮಕಥನದ ಪರಿಪೂರ್ಣ ಪಾಠ, ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಪಾದಕರ ಶ್ರಮದಿಂದ, 2010ರಿಂದ 2015ರ ಒಳಗೆ ಮೂರು ಸಂಪುಟಗಳಲ್ಲಿ ಬೆಳಕು ಕಂಡಿತು. ಲೇಖಕನು ಬರೆದುದನ್ನು ಬರೆದಂತೆ ಉಳಿಸಿ ಮುಂದಿನವರ ಕೈಗಿಡುವುದು ತಲೆಮಾರುಗಳ ಕೆಲಸ.

ಆದಕಾರಣ ನಮ್ಮ ಶಾಲಾ ಗ್ರಂಥಭಂಡಾರಗಳಿಗೆ ಒಂದು ಕ್ರಮವನ್ನು ಸೂಚಿಸಬಹುದು. ಪ್ರಾಥಮಿಕ ತರಗತಿಯವರಿಗೆ ಟಾಮ್ ಸಾಯರನ ಕಥೆ. ಪ್ರೌಢಶಾಲೆಯವರಿಗೆ ಹಕ್ಕನ ಕಥೆ, ಅದರ ಜೊತೆಯಲ್ಲಿ ಗೊರೂರರ ‘ಹಳ್ಳಿಯ ಚಿತ್ರಗಳು’. ಅಧ್ಯಾಪಕರಿಗೆ ನದಿಯ ಗ್ರಂಥ, ಭಾರತದ ಪ್ರವಾಸ, ಆತ್ಮಕಥನ. ಓದಿದ ಮಕ್ಕಳು ತಂತಮ್ಮ ಊರಿನ ನಾಲೆ, ಸಂತೆ, ಆಲೆಮನೆ, ಹರಿಗೋಲಿನವರನ್ನು ಕುರಿತು ಒಂದೊಂದು ಚಿತ್ರ ಬರೆಯಲಿ. ಬರೆದ ಮೇಲೆ ಅಧ್ಯಾಪಕರು ಒಂದೇ ಪ್ರಶ್ನೆ ಕೇಳಲಿ: ಈ ಚಿತ್ರದಲ್ಲಿ ನಕ್ಕವರು ಯಾರು, ನಗೆಗೆ ಗುರಿಯಾದವರು ಯಾರು? ಉತ್ತರ ಹುಡುಕುವಾಗಲೇ ಮಗು ಹಾಸ್ಯ ಮತ್ತು ಅಪಹಾಸ್ಯಗಳ ಅಂತರವನ್ನು ತಾನಾಗಿ ಕಂಡುಕೊಳ್ಳುತ್ತದೆ.

ಕಟ್ಟಡಕ್ಕೆ ಕಲ್ಲು ಕೊಟ್ಟ ದಾನಿಗಳು ಕಪಾಟಿಗೆ ಸಂಪುಟಗಳನ್ನೂ ಕೊಡಲಿ; ಹಳೆಯ ವಿದ್ಯಾರ್ಥಿಗಳು ತಾವು ಓದಿ ನಕ್ಕ ಪುಸ್ತಕಗಳನ್ನು ಕಿರಿಯರ ಕೈಗೆ ದಾಟಿಸಲಿ. ಹಗ್ಗ ಇಳಿಬಿಟ್ಟು ಆಳ ನೋಡುವ ಕೆಲಸವನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ. ನೀರು ಸಿಗುವಂತೆ ಮಾಡುವುದು ಹಿರಿಯರಾದ ನಮ್ಮ ಹೊಣೆ.